ಡಬ್ಬಿ ಮುಚ್ಚಳ ತೆಗೆಯೋ ಮುಂಚೆ

ಹೋದ ರಾಜ್ಯೋತ್ಸವಕ್ಕೆ ಬರೀ ಆರ್ಕೆಸ್ಟ್ರಾ ಬೇಡ, ಏನಾದರೂ ಉಪಯೋಗದ ಕೆಲಸ ಮಾಡೋಣ ಅಂತ ನಮ್ಮ ಕನ್ನಡ ಸಂಘದವರು ತೀರ್ಮಾನ ಮಾಡಿದ್ವಿ. ಎಲ್ಲರೂ ಕೈಯಿಂದ ದುಡ್ಡು ಹಾಕಿ, ತಿಪಟೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಎರಡು ಕೊಠಡಿಗೆ ಬಣ್ಣ ಬಳಿದೆವು. ಒಳ್ಳೆ ಕಂಪನಿಯ ಎಮಲ್ಷನ್, ಹೊಸ ರೋಲರ್, ಭಾನುವಾರ ಬೆಳಗ್ಗೆ ಶುರು, ಸಂಜೆ ಮುಗೀತು. ಫೋಟೋನೂ ಚೆನ್ನಾಗಿ ಬಂತು.

ಯುಗಾದಿ ಹೊತ್ತಿಗೆ ಮುಖ್ಯ ಶಿಕ್ಷಕಿಯವರ ಫೋನು. "ಬೇಜಾರು ಮಾಡ್ಕೋಬೇಡ್ರಪ್ಪಾ, ಬಣ್ಣ ಹಪ್ಪಳದ ಥರ ಎದ್ದಿದೆ. ಕೊನೇ ಬೆಂಚಿನ ಮಕ್ಕಳು ಕೂತ್ಕೊಂಡು ಕೀಳ್ತಾ ಇದಾರೆ" ಅಂದರು. ನಾವು ಮೊದಲು ಬೈದದ್ದು ಬಣ್ಣದ ಕಂಪನಿಯನ್ನ, ಆಮೇಲೆ ಅಂಗಡಿಯವರನ್ನ. ನಮ್ಮ ಜೊತೆಗಾರನೊಬ್ಬನ ಸೋದರಮಾವ ತುರುವೇಕೆರೆ ಕಡೆ ಪೇಂಟಿಂಗ್ ಮೇಸ್ತ್ರಿ. ಅವರನ್ನ ಕರ್ಕೊಂಡು ಹೋಗಿ ತೋರಿಸಿದೆವು. ಅವರು ಗೋಡೆ ನೋಡಲೇ ಇಲ್ಲ. ನೆಲಕ್ಕೆ ಬಿದ್ದಿದ್ದ ಒಂದು ಚಕ್ಕೆ ಎತ್ತಿ, ತಿರುಗಿಸಿ, ಅದರ ಬೆನ್ನು ನೋಡಿದರು. ಬೆನ್ನ ತುಂಬಾ ಬಿಳೀ ಪುಡಿ.

"ನಿಮ್ಮ ಬಣ್ಣ ಚೆನ್ನಾಗೇ ಅಂಟೈತೆ ಕಣ್ರಪ್ಪಾ, ಆದ್ರೆ ಗೋಡೆಗಲ್ಲ, ಸುಣ್ಣದ ಪುಡಿಗೆ ಅಂಟೈತೆ. ಪುಡಿ ಗೋಡೆ ಬಿಡ್ತು, ಬಣ್ಣ ಅದ್ರ ಜೊತೆ ಬಂತು" ಅಂದರು.

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದ ನಾವು ತಲೆ ತಗ್ಗಿಸಿ ನಿಂತೆವು. ಸರಪಳಿ ಅದರ ದುರ್ಬಲ ಕೊಂಡಿಯಷ್ಟೇ ಗಟ್ಟಿ ಅಂತ ಪರೀಕ್ಷೆಯಲ್ಲಿ ಬರೆದವರು ನಾವೇ. ಆ ಗೋಡೆಗೆ ವರ್ಷಾನುಗಟ್ಟಲೆ ಸುಣ್ಣದ ಮೇಲೆ ಸುಣ್ಣ ಬಳಿದಿದ್ದರು. ಎಮಲ್ಷನ್ ಒಣಗುವಾಗ ಅದರ ಪದರ ಸ್ವಲ್ಪ ಕುಗ್ಗುತ್ತೆ, ಕುಗ್ಗುತ್ತಾ ಕೆಳಗಿನದನ್ನ ಎಳೆಯುತ್ತೆ. ಕೆಳಗಿರೋದು ಸಡಿಲ ಪುಡಿಯಾದರೆ ಅದನ್ನ ಕಿತ್ತುಕೊಂಡೇ ಮೇಲೇಳುತ್ತೆ.

ಇದಾದ ಸ್ವಲ್ಪ ದಿನಕ್ಕೆ ಅದೇ ಗೆಳೆಯನ ಮನೆಯಲ್ಲಿ ಅವನ ಅಕ್ಕನ ಮದುವೆ ನಿಶ್ಚಯವಾಯ್ತು. ಮನೆ ಇರೋದು ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ನಡುವೆ ಒಂದು ಹಳ್ಳಿಯಲ್ಲಿ. ಅಜ್ಜಿ ಅಟ್ಟದಲ್ಲಿದ್ದ ಕೊಬ್ಬರಿ ಮಾರಿ ಸುಣ್ಣ ಬಣ್ಣಕ್ಕೆ ಅಂತ ದುಡ್ಡು ಎತ್ತಿಟ್ಟಿದ್ದರು. ಕೂಲಿ ಉಳಿಯಲಿ, ನಾವೇ ಮಾಡಿಕೊಡ್ತೀವಿ ಅಂತ ನಾವು ಒಪ್ಪಿಕೊಂಡುಬಿಟ್ವಿ. ಶಾಲೆಯ ಕಥೆ ಇಲ್ಲಿ ಮರುಕಳಿಸಿದರೆ ಹಾಳಾಗೋದು ಒಂದು ವರ್ಷ ಅಟ್ಟದಲ್ಲಿ ಕಾದ ಕೊಬ್ಬರಿಯ ದುಡ್ಡು. ಆದ್ದರಿಂದ ಈ ಸಲ ಮೇಸ್ತ್ರಿ ಮುಂದೆ, ನಾವು ಹಿಂದೆ. ಆ ಮನೆಯಲ್ಲಿ ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ. ತೆಂಗಿನ ಸೀಮೆಯ ಹಳೇ ಮನೆಯಲ್ಲಿ ಎಷ್ಟು ಬಗೆಯ ಮೈ ಇರಬಹುದೋ ಅಷ್ಟೂ ಅಲ್ಲಿದ್ದವು: ಮಣ್ಣಿನ ಗೋಡೆ, ಹಳೇ ಸಿಮೆಂಟು, ಹಸೀ ಸಿಮೆಂಟು, ಮಸಿ ಹಿಡಿದ ಅಡುಗೆಮನೆ, ತೆಂಗಿನ ತೊಲೆ, ಹಲಸಿನ ಬಾಗಿಲು, ಕಬ್ಬಿಣದ ಸರಳು, ತಗಡಿನ ಚಾವಣಿ.

ಮೊದಲು ಗೋಡೆಯನ್ನ ಕೇಳಬೇಕು

ಬಣ್ಣಕ್ಕೆ ಐದು ಶತ್ರುಗಳು: ಪುಡಿ, ತೇವ, ಜಿಡ್ಡು, ಕ್ಷಾರ, ತುಕ್ಕು. ಯಾವ ಮೈಯಲ್ಲಿ ಯಾವ ಶತ್ರು ಇದ್ದಾನೆ ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಮೇಸ್ತ್ರಿ ಮೊದಲ ದಿನ ಪೂರ್ತಿ ಬ್ರಷ್ ಮುಟ್ಟಲು ಬಿಡಲಿಲ್ಲ, ಬರೀ ಪರೀಕ್ಷೆ ಮಾಡಿಸಿದರು. ಯಾವುದಕ್ಕೂ ಲ್ಯಾಬ್ ಬೇಕಿಲ್ಲ.

ಬೆರಳ ಪರೀಕ್ಷೆ: ಗೋಡೆ ಮೇಲೆ ಅಂಗೈ ಉಜ್ಜಿ. ಕೈ ಬೆಳ್ಳಗಾದರೆ ಸುಣ್ಣವೋ ಹಳೇ ಡಿಸ್ಟೆಂಪರೋ ಪುಡಿ ಬಿಡ್ತಿದೆ ಅಂತ ಅರ್ಥ.

ಟೇಪ್ ಪರೀಕ್ಷೆ: ಹಳೇ ಬಣ್ಣದ ಮೇಲೆ ಬ್ಲೇಡಿನಿಂದ ಅಡ್ಡ ಉದ್ದ ಗೆರೆ ಕೊಯ್ದು, ಗಮ್ ಟೇಪ್ ಒತ್ತಿ ಅಂಟಿಸಿ, ಒಂದೇ ಸಲಕ್ಕೆ ಎಳೀರಿ. ಚೌಕ ಚೌಕವಾಗಿ ಬಣ್ಣ ಎದ್ದು ಬಂದರೆ ಅದರ ಮೇಲೆ ಹೊಸದು ಹೊಡೆದು ಪ್ರಯೋಜನವಿಲ್ಲ.

ಬೆರಳ ಗೆಣ್ಣಿನ ಪರೀಕ್ಷೆ: ಗೋಡೆಯನ್ನ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಅಟ್ಟದ ಕಾಯಿಯನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯಾ ಅಂತ ನೋಡ್ತೀವಲ್ಲ, ಹಾಗೇ. ಟೊಳ್ಳು ಸದ್ದು ಬಂದ ಕಡೆ ಗಾರೆ ಇಟ್ಟಿಗೆಯಿಂದ ಬಿಟ್ಟಿದೆ. ಕೊಬ್ಬರಿಗೆ ಅದು ಒಳ್ಳೇದು, ಗೋಡೆಗೆ ಕೆಟ್ಟದ್ದು. ಅಷ್ಟು ಭಾಗ ಒಡೆದು ಮತ್ತೆ ಗಾರೆ ಮಾಡಿಸಬೇಕು.

ಪ್ಲಾಸ್ಟಿಕ್ ಪರೀಕ್ಷೆ: ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಸಂಜೆ ಬಿಟ್ಟು ಮಾರನೇ ದಿನ ನೋಡಿ. 16 ಗಂಟೆಯಾದರೂ ಬಿಡಬೇಕು. ಹಾಳೆಯ ಒಳಮೈಯಲ್ಲಿ ಬೆವರಿನ ಹಾಗೆ ಹನಿ ಕೂತಿದ್ದರೆ, ಇಲ್ಲವೇ ಗೋಡೆ ಅಷ್ಟು ಜಾಗ ಕಪ್ಪಾಗಿದ್ದರೆ, ಒಳಗೆ ಇನ್ನೂ ನೀರಿದೆ.

ಅರಿಶಿನದ ಪರೀಕ್ಷೆ: ಇದು ಅಜ್ಜಿಯದ್ದು, ಇದರ ಕಥೆ ಮುಂದೆ ಬರುತ್ತೆ.

ಪಡಸಾಲೆಯ ಮಣ್ಣಿನ ಗೋಡೆ

ಮುಂಭಾಗದ ಪಡಸಾಲೆ ಹಳೇ ಮಣ್ಣಿನ ಗೋಡೆ. ಅಲ್ಲಲ್ಲಿ ಬಿರುಕು, ಬುಡದಲ್ಲಿ ಸವಕಳಿ. ನಮ್ಮಲ್ಲೊಬ್ಬ ಬಿರುಕಿಗೆ ಸಿಮೆಂಟ್ ತುಂಬಿ ಮೇಲೆ ಪುಟ್ಟಿ ಎಳೆಯೋಣ ಅಂದ. ಮೇಸ್ತ್ರಿ ಬೇಡ ಅಂದರು. ಕಾರಣ ಯೋಚಿಸಿದರೆ ನಮ್ಮ ಪಾಠದಲ್ಲೇ ಇದೆ. ಮಣ್ಣು ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿಟ್ಟು ಕುಗ್ಗುತ್ತೆ. ಸಿಮೆಂಟ್ ಬಿಗಿ, ಅದು ಜೊತೆಗೆ ಆಡೋದಿಲ್ಲ. ಒಂದೆರಡು ಮಳೆಗಾಲದಲ್ಲಿ ಸಿಮೆಂಟ್ ತೇಪೆ ಬಿಲ್ಲೆಯ ಹಾಗೆ ಕಳಚಿ ಬೀಳುತ್ತೆ. ಮೇಲೆ ಎಮಲ್ಷನ್ನೋ ಆಯಿಲ್ ಪೇಂಟೋ ಹೊಡೆದು ಮುಚ್ಚಿದರೆ ಇನ್ನೂ ಕಷ್ಟ, ಒಳಗಿನ ತೇವ ಹೊರಗೆ ಬರೋಕೆ ದಾರಿ ಇಲ್ಲದೆ ಗೋಡೆಯೇ ಮೆತ್ತಗಾಗುತ್ತೆ.

ಮಣ್ಣಿಗೆ ಮಣ್ಣೇ ಮದ್ದು. ಸಡಿಲ ಮಣ್ಣನ್ನ ಪೊರಕೆಯಿಂದ ಗುಡಿಸಿ ತೆಗೆದು, ಬಿರುಕಿನ ಬಾಯಿಯನ್ನ ಸ್ವಲ್ಪ ಅಗಲ ಮಾಡಿ, ನೀರು ಚಿಮುಕಿಸಿ, ಜರಡಿ ಹಿಡಿದ ಅದೇ ಮಣ್ಣಿಗೆ ಸಣ್ಣಗೆ ಕತ್ತರಿಸಿದ ಹುಲ್ಲು ಕಲಸಿ ತುಂಬಿದೆವು. ಹುಲ್ಲು ಇಲ್ಲಿ ಕಾಂಕ್ರೀಟಿನೊಳಗಿನ ಫೈಬರ್ ಕೆಲಸವನ್ನೇ ಮಾಡುತ್ತೆ, ಒಣಗುವಾಗ ಬಿರುಕು ಹರಡದ ಹಾಗೆ ಹಿಡಿಯುತ್ತೆ. ಪೂರ್ತಿ ಒಣಗಿದ ಮೇಲೆ ಅಜ್ಜಿ ಮಣ್ಣು ಸಗಣಿ ಕಲಸಿ ತೆಳ್ಳಗೆ ಸಾರಿಸಿದರು. ಅದೂ ಒಣಗಿದ ಮೇಲೆ ಸುಣ್ಣ.

ಸುಣ್ಣಕ್ಕೂ ಒಂದು ಸಿದ್ಧತೆ ಇದೆ. ಗೋಡೆ ಒಣಕಲಾಗಿದ್ದರೆ ಸುಣ್ಣದ ನೀರನ್ನ ಒಂದೇ ಸಲಕ್ಕೆ ಹೀರಿಬಿಡುತ್ತೆ, ಸುಣ್ಣ ಪುಡಿಯಾಗೇ ಉಳಿಯುತ್ತೆ. ಸುಣ್ಣ ಗಟ್ಟಿಯಾಗೋದು ಬರೀ ಒಣಗೋದರಿಂದ ಅಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗೋದರಿಂದ. ಅದಕ್ಕೆ ಸ್ವಲ್ಪ ತೇವ ಬೇಕೇ ಬೇಕು. ಹಾಗಾಗಿ ಬಳಿಯೋ ಮುಂಚೆ ಗೋಡೆಗೆ ನೀರು ಚಿಮುಕಿಸಿ, ಹಾಲಿನಷ್ಟು ತೆಳ್ಳಗೆ ಕಲಸಿ, ಮೂರು ಸಲ ಬಳಿಯಬೇಕು. ದಪ್ಪಗೆ ಒಂದೇ ಸಲ ಬಳಿದರೆ ಪುಡಿ ಉದುರುತ್ತೆ. ಅಂಟಿಗೆ ಗೋಂದೋ ಅಕ್ಕಿ ಗಂಜಿಯೋ ಸೇರಿಸ್ತಾರೆ. ಸುಟ್ಟ ಸುಣ್ಣ ಅರಳಿಸುವಾಗ ಮಾತ್ರ ಹುಷಾರು. ನೀರು ಬಿದ್ದ ಕೂಡಲೇ ಕೊತಕೊತ ಕುದಿಯುತ್ತೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು. ಕನ್ನಡಕ ಹಾಕಿಕೊಂಡೇ ಹತ್ತಿರ ಹೋಗಿ.

ನಡುಮನೆ: ಪುಡಿ ಬಿಡೋ ಹಳೇ ಸಿಮೆಂಟ್ ಗೋಡೆ

ನಡುಮನೆ ಸಿಮೆಂಟ್ ಗಾರೆಯದ್ದು, ಮೇಲೆ ಹಳೇ ಡಿಸ್ಟೆಂಪರ್. ಇದು ಶಾಲೆಯ ಗೋಡೆಯ ಅಣ್ಣತಮ್ಮ. ನಾವು ಅಲ್ಲಿ ಮಾಡದ್ದನ್ನೆಲ್ಲ ಇಲ್ಲಿ ಮಾಡಿದೆವು. ನೀರು ಎರಚಿ ಹತ್ತು ನಿಮಿಷ ನೆನೆಯಲು ಬಿಟ್ಟು, ಪಟ್ಟಿಯಿಂದ ಕೆರೆದು, ಗಟ್ಟಿ ಗಾರೆ ಕಾಣೋವರೆಗೂ ತೆಗೆದೆವು. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಎರಡು ದಿನ ಒಣಗಲು ಬಿಟ್ಟೆವು. ಮತ್ತೆ ಬೆರಳ ಪರೀಕ್ಷೆ, ಪ್ಲಾಸ್ಟಿಕ್ ಪರೀಕ್ಷೆ. ಎರಡರಲ್ಲೂ ಪಾಸ್.

ಪುಟ್ಟಿ ಬಗ್ಗೆ ಒಂದು ಮಾತು. ಪುಟ್ಟಿ ಇರೋದು ಸಣ್ಣ ತಗ್ಗು ದಿಬ್ಬ ಸಮ ಮಾಡೋಕೆ, ಸೊಟ್ಟ ಗೋಡೆ ನೆಟ್ಟಗೆ ಮಾಡೋಕಲ್ಲ. ಬಿಳೀ ಸಿಮೆಂಟಿನ ಪುಟ್ಟಿ ಎರಡು ಕೋಟ್ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ಅದು ಸಿಮೆಂಟ್ ಆದ್ದರಿಂದ ಹಚ್ಚೋ ಮುಂಚೆ ಗೋಡೆಯನ್ನ ಸ್ವಲ್ಪ ನೀರಿನಿಂದ ತೋಯಿಸಬೇಕು. ಒಣಗಿದ ಮೇಲೆ ಎಮರಿ ಪೇಪರ್. ಕಾಗದದ ಹಿಂದಿನ ನಂಬರ್ ದೊಡ್ಡದಾದಷ್ಟು ಅದರ ಹರಳು ಸಣ್ಣದು. ಮೊದಲು 120, ಕೊನೆಗೆ 220. ಉಜ್ಜಿದ ದೂಳನ್ನ ಒರೆಸದೆ ಪ್ರೈಮರ್ ಹೊಡೆದರೆ ನಾವೇ ಕೈಯಾರೆ ಪುಡಿಯ ಪದರ ಮಾಡಿದ ಹಾಗೆ. ಉಜ್ಜುವಾಗ ಮೂಗು ಬಾಯಿಗೆ ಒಳ್ಳೆ ಮಾಸ್ಕ್ ಇರಲಿ, ಕರ್ಚೀಫು ಸಾಲದು.

ಅಡುಗೆಮನೆ ಮತ್ತು ಕೊಬ್ಬರಿ ಅಟ್ಟ

ಬೇರೆ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿರೋ ಗೆಳೆಯರಿಗೆ ಸ್ವಲ್ಪ ಹೇಳಬೇಕು. ತಿಪಟೂರು ಹೆಸರುವಾಸಿಯಾಗಿರೋದು ಉಂಡೆ ಕೊಬ್ಬರಿಗೆ. ಬಲಿತ ಕಾಯಿಯನ್ನ ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಇಟ್ಟು, ಒಳಗಿನ ನೀರು ಇಂಗಿ, ತಿರುಳು ತಾನೇ ಚಿಪ್ಪು ಬಿಡೋವರೆಗೂ ಕಾಯ್ತಾರೆ. ಎಷ್ಟೋ ಮನೆಯಲ್ಲಿ ಅಟ್ಟದ ಕೆಳಗೇ ಒಲೆ. ಸಿಪ್ಪೆ, ಚಿಪ್ಪು, ಗರಿ ಉರಿಸಿ ಅಡುಗೆ ಮಾಡಿದ ಹೊಗೆ ಮೇಲೇರಿ ಕಾಯಿ ಒಣಗೋಕೂ ನೆರವಾಗುತ್ತೆ. ಆ ಹೊಗೆ ಗೋಡೆಗೂ ಕೂರುತ್ತೆ. ಒಣಗಿದ ಕೊಬ್ಬರಿಯಲ್ಲಿ ನೂರಕ್ಕೆ ಸುಮಾರು 65 ಭಾಗ ಎಣ್ಣೆ ಇರೋದರಿಂದ ಕೊಬ್ಬರಿ ಒರಗಿದ ಮೂಲೆಯಲ್ಲಿ ಎಣ್ಣೆ ಜಿಡ್ಡೂ ಇರುತ್ತೆ.

ಮಸಿ ಒಣಗಿದ ಕಡೆ ಮೊದಲು ಒಣ ಪೊರಕೆ. ನೀರು ಮೊದಲೇ ಹಾಕಿದರೆ ಮಸಿ ಗೋಡೆಯೊಳಗೆ ಇಳಿಯುತ್ತೆ. ಆಮೇಲೆ ಬಿಸಿನೀರಿಗೆ ಬಟ್ಟೆ ಒಗೆಯೋ ಸೋಡಾ ಕಲಸಿ, ಕೈಗೆ ಗ್ಲೌಸ್ ಹಾಕಿಕೊಂಡು, ನಾರಿನ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಿದೆವು. ಮೇಲಿನಿಂದ ಶುರು ಮಾಡಿದರೆ ಕೊಳೆ ನೀರು ಒಣ ಗೋಡೆ ಮೇಲೆ ಇಳಿದು ಗೆರೆ ಗೆರೆ ಕಲೆ ಉಳಿಯುತ್ತೆ.

ಸೋಡಾ ಯಾಕೆ? ಎಣ್ಣೆಗೆ ಕ್ಷಾರ ಸೇರಿದರೆ ಸಾಬೂನು. ತೆಂಗಿನೆಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಸೋಪು ಮಾಡೋದು ನಮ್ಮಲ್ಲಿ ಎಷ್ಟೋ ಮನೆಗೆ ಗೊತ್ತಿರೋ ವಿದ್ಯೆ. ಬಟ್ಟೆ ಸೋಡಾ ಅಷ್ಟು ಬಲವಾದ ಕ್ಷಾರ ಅಲ್ಲ, ಆದರೂ ಬಿಸಿನೀರಿನಲ್ಲಿ ಜಿಡ್ಡಿನ ಸ್ವಲ್ಪ ಭಾಗವನ್ನ ಸಾಬೂನು ಮಾಡಿ ಸಡಿಲಿಸುತ್ತೆ, ಉಳಿದದ್ದನ್ನ ಆ ಸಾಬೂನೇ ತೊಳೆಯುತ್ತೆ. ಕೊನೆಗೆ ಎರಡು ಸಲ ಬರೀ ನೀರಿನಿಂದ ತೊಳೆದು ಸೋಡಾ ಉಳಿಯದ ಹಾಗೆ ಮಾಡಬೇಕು. ಇಷ್ಟಾದರೂ ಹೊಗೆಯ ಕಂದು ಕಲೆ ಪೂರ್ತಿ ಹೋಗಲ್ಲ. ನೀರಿನ ಬಣ್ಣ ಹೊಡೆದರೆ ಆ ಕಲೆ ಕರಗಿ ಮೇಲಕ್ಕೆ ಬರುತ್ತೆ, ಎಷ್ಟು ಕೋಟ್ ಹೊಡೆದರೂ ಇಣುಕುತ್ತೆ. ಅಲ್ಲಿಗೆ ಥಿನ್ನರ್ ಬೆರೆಸೋ ಆಯಿಲ್ ಪ್ರೈಮರ್ ಒಂದು ಕೋಟ್ ಹೊಡೆದು ಕಲೆಯನ್ನ ಮುಚ್ಚಿದೆವು. ಅಟ್ಟದಲ್ಲಿ ಉಳಿದಿದ್ದ ಕಾಯಿಯನ್ನೆಲ್ಲ ಮೊದಲೇ ಕೊಟ್ಟಿಗೆಗೆ ಸಾಗಿಸಿದ್ದೆವು. ಎಣ್ಣೆ ಅಂಶದ ಪದಾರ್ಥ ವಾಸನೆಯನ್ನ ಬೇಗ ಹಿಡಿಯುತ್ತೆ.

ಹೊಸ ರೂಮು: ಅರಿಶಿನ ಕೆಂಪಾಯ್ತು

ಈಗ ನಿಜವಾದ ತಲೆನೋವು. ಮದುವೆಗೆ ಅಂತಲೇ ಹಿಂದೆ ಒಂದು ಹೊಸ ರೂಮು ಕಟ್ಟಿಸಿದ್ದರು. ಗಾರೆ ಮುಗಿದು 12 ದಿನ ಆಗಿತ್ತು. ಮದುವೆಗೆ ಇನ್ನು 20 ದಿನ. ಅಕ್ಕ ಆ ರೂಮಿಗೆ ಒರೆಸಿದರೆ ಹೊಳೆಯೋ ತಿಳಿ ಹಸಿರು ಆಯಿಲ್ ಪೇಂಟ್ ಬೇಕು ಅಂತ ಡಬ್ಬಿಯನ್ನೂ ತರಿಸಿ ಇಟ್ಟಿದ್ದರು. ಗೋಡೆ ನೋಡೋಕೆ ಒಣಗಿದ ಹಾಗೇ ಇತ್ತು.

ಮೇಸ್ತ್ರಿ "ಆಗಲ್ಲ" ಅಂದರು. ಅಕ್ಕನ ಮುಖ ಸಪ್ಪಗಾಯ್ತು. ಯಾಕೆ ಆಗಲ್ಲ ಅಂತ ವಿವರಿಸೋ ಪಾಳಿ ನಮ್ಮದು. ಮೊದಲ ವರ್ಷದ ಕೆಮಿಸ್ಟ್ರಿ ನೆನಪು ಮಾಡಿಕೊಂಡು, ಫಿನಾಲ್ಫ್ತಲೀನ್ ಇದ್ದಿದ್ದರೆ ತೋರಿಸಬಹುದಿತ್ತು, ಕ್ಷಾರ ಇದ್ದರೆ ಗುಲಾಬಿ ಬಣ್ಣ ಆಗುತ್ತೆ ಅಂತ ಹೇಳ್ತಿದ್ವಿ. ಪಕ್ಕದಲ್ಲಿದ್ದ ಅಜ್ಜಿ, "ಅದೇನ್ ಮಗಾ, ಆರತಿ ನೀರು ಇದ್ದಂಗಾ?" ಅಂದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗೋದು ನಮ್ಮ ಪ್ರತಿ ಮನೆಯ ಇಂಡಿಕೇಟರ್! ಅಜ್ಜಿ ಅರಿಶಿನ ಕಲಸಿ ತಂದರು. ನಡುಮನೆಯ ಹಳೇ ಗೋಡೆಗೆ ಒಂದು ಬೊಟ್ಟು, ಹೊಸ ಗೋಡೆಗೆ ಒಂದು ಬೊಟ್ಟು. ಹಳೆಯದರ ಮೇಲೆ ಹೆಚ್ಚು ಕಡಿಮೆ ಹಳದಿಯಾಗೇ ಉಳೀತು. ಹೊಸದರ ಮೇಲೆ ನೋಡ್ತಿದ್ದ ಹಾಗೇ ಕಡುಗೆಂಪು.

ಸಿಮೆಂಟ್ ನೀರು ಹೀರಿ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹೊರಬರುತ್ತೆ. ಹಸೀ ಗಾರೆಯ ಪಿಎಚ್ 12ರಿಂದ 13. ಆಯಿಲ್ ಪೇಂಟ್ ಅಂದರೆ ಅಗಸೆ, ಸೋಯಾದಂಥ ಸಸ್ಯದ ಎಣ್ಣೆಯಿಂದ ಮಾಡಿದ ಆಲ್ಕಿಡ್ ರೆಸಿನ್. ಎಣ್ಣೆ, ಕ್ಷಾರ, ಜೊತೆಗೆ ಒಳಗಿನ ತೇವ. ಅಡುಗೆಮನೆಯಲ್ಲಿ ಸೋಡಾ ಜಿಡ್ಡಿಗೆ ಮಾಡಿದ್ದನ್ನೇ ಇಲ್ಲಿ ಗೋಡೆ ಬಣ್ಣಕ್ಕೆ ಮಾಡುತ್ತೆ. ನಾವು ಹೊಡೆದ ಪೇಂಟನ್ನ ಗೋಡೆ ನಿಧಾನಕ್ಕೆ ಸಾಬೂನು ಮಾಡುತ್ತೆ! ಬಣ್ಣ ಮೆತ್ತಗಾಗಿ, ಅಂಟಂಟಾಗಿ, ಕೊನೆಗೆ ಕಳಚುತ್ತೆ. ನೀರಿನ ಎಮಲ್ಷನ್ ಕ್ಷಾರವನ್ನ ಇದಕ್ಕಿಂತ ಚೆನ್ನಾಗಿ ತಡೆಯುತ್ತೆ, ಆದರೆ ಒಳಗಿನ ತೇವಕ್ಕೆ ಅದೂ ಗುಳ್ಳೆ ಏಳುತ್ತೆ.

ಸಿಮೆಂಟ್ ನಮ್ಮ ಸೀಮೆಗೆ ಹೊಸದಲ್ಲ, ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆ ಇದೇ ತುರುವೇಕೆರೆ ತಾಲ್ಲೂಕಿನದು. ಆದರೂ ಗಾರೆ ಕ್ಯೂರಿಂಗ್ ಬೇರೆ, ಒಣಗೋದು ಬೇರೆ ಅನ್ನೋದನ್ನ ನಾವೆಲ್ಲ ಮರೀತೀವಿ. 28 ದಿನ ಅನ್ನೋದು ಕನಿಷ್ಠ. ಆಮೇಲೂ ಪ್ಲಾಸ್ಟಿಕ್ ಹಾಳೆ ಒಣಗಿ ಬಂದ ಮೇಲಷ್ಟೇ, ಕ್ಷಾರ ತಡೆಯೋ ಪ್ರೈಮರ್ ಹಾಕಿ ಬಣ್ಣ. ಲೆಕ್ಕಕ್ಕೆ 28 ದಿನ ಮುಗಿಯೋದು ಚಪ್ಪರ ಹಾಕೋ ಹೊತ್ತಿಗೆ. ಆವತ್ತು ಯಾರು ಬ್ರಷ್ ಹಿಡೀತಾರೆ?

ಹಾಗಾದರೆ ಮದುವೆ ಮನೆಯಲ್ಲಿ ಗೋಡೆ ಬೂದಿ ಬಣ್ಣದಲ್ಲೇ ಇರಬೇಕಾ? ದಾರಿ ಹೇಳಿದ್ದು ಮೇಸ್ತ್ರಿ. "ಸುಣ್ಣ ಬಳೀರಿ." ಸುಣ್ಣವೇ ಕ್ಷಾರ, ಅದಕ್ಕೆ ಗಾರೆಯ ಕ್ಷಾರದ ಭಯವಿಲ್ಲ. ಸುಣ್ಣ ಉಸಿರಾಡುತ್ತೆ, ಒಳಗಿನ ತೇವ ಅದನ್ನ ದಾಟಿಕೊಂಡು ಹೊರಗೆ ಹೋಗುತ್ತೆ. ಸುಣ್ಣಕ್ಕೆ ತಾಳೋ ಹಸಿರು ಪುಡಿ ಬೆರೆಸಿದರೆ ತಿಳಿ ಹಸಿರೂ ಆಗುತ್ತೆ. ಒಂದೇ ತೊಡಕು ಅಂದರೆ, ಮುಂದೆ ಯಾವತ್ತಾದರೂ ಪೇಂಟ್ ಬೇಕು ಅಂದರೆ ಈ ಸುಣ್ಣವನ್ನ ಪೂರ್ತಿ ಕೆರೆದೇ ಹೊಡೆಯಬೇಕು. ಇಲ್ಲದಿದ್ದರೆ ಶಾಲೆಯ ಕಥೆ. ಇದನ್ನ ಮುಚ್ಚಿಡದೆ ಅಕ್ಕನಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಸರಿ, ಸುಣ್ಣನೇ ಆಗ್ಲಿ. ಮದುವೆ ಆದ್ಮೇಲೆ ಉದುರೋ ಬಣ್ಣ ನಂಗ್ಯಾಕೆ" ಅಂದರು. ಆ ಆಯಿಲ್ ಪೇಂಟ್ ಡಬ್ಬಿ ಅರಿಶಿನ ಕೆಂಪಾಗದ ನಡುಮನೆಯ ಗೋಡೆಗೆ ಹೋಯ್ತು.

ಉಪ್ಪು ಬಿಡೋ ಗೋಡೆ

ಬಚ್ಚಲಿಗೆ ಅಂಟಿಕೊಂಡ ಗೋಡೆಯ ಬುಡದಲ್ಲಿ ಬಿಳೀ ಹೂವಿನ ಹಾಗೆ ಉಪ್ಪು ಎದ್ದಿತ್ತು. ನಮ್ಮ ಕಡೆ ಕಟ್ಟೋಕೂ, ಕ್ಯೂರಿಂಗಿಗೂ ಬೋರ್‌ವೆಲ್ ನೀರೇ ಗತಿ, ಅದು ಗಡುಸು. ಇಟ್ಟಿಗೆ, ಗಾರೆ, ನೀರಿನಲ್ಲಿದ್ದ ಲವಣ ತೇವದ ಜೊತೆ ಗೋಡೆ ಏರಿ, ನೀರು ಆರಿದ ಕಡೆ ಹರಳಾಗುತ್ತೆ. ಹರಳು ಬೆಳೆಯುವಾಗ ಬಣ್ಣವನ್ನ, ಕೆಲವು ಸಲ ಗಾರೆಯನ್ನೇ, ಒಳಗಿನಿಂದ ನೂಕುತ್ತೆ.

ಇಲ್ಲಿ ಎಲ್ಲರೂ ಮಾಡೋ ತಪ್ಪು ಉಪ್ಪನ್ನ ನೀರು ಹಾಕಿ ತೊಳೆಯೋದು. ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತೆ. ಒಣ ಬ್ರಷ್‌ನಿಂದ ಉದುರಿಸಿ, ಗುಡಿಸಿ, ಹೊರಗೆ ಎಸೆಯಬೇಕು. ಆಮೇಲೆ ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಬೇಕು. ಇಲ್ಲಿ ಬಚ್ಚಲ ಮೋರಿಯ ಬಾಯಲ್ಲಿ ಬಿರುಕಿತ್ತು. ಅದನ್ನ ಸರಿ ಮಾಡದೆ ಯಾವ ವಾಟರ್‌ಪ್ರೂಫ್ ಬಣ್ಣ ಹೊಡೆದರೂ ನೀರು ಇನ್ನೊಂದು ಅಡಿ ಮೇಲೆ ಹೋಗಿ ತಲೆ ಎತ್ತುತ್ತೆ. ಮೋರಿ ರಿಪೇರಿ ಮಾಡಿಸಿ, ಆ ಗೋಡೆಗೆ ಬಣ್ಣವನ್ನೇ ಹಚ್ಚದೆ ಬಿಟ್ಟೆವು. ಇನ್ನೊಂದು ಬೇಸಿಗೆ ಒಣಗಲಿ.

ಮರ: ತೊಲೆ, ಬಾಗಿಲು, ಹೊಸ್ತಿಲು

ತೆಂಗಿನ ಮರ ತೇಗ, ಹಲಸಿನ ಹಾಗಲ್ಲ. ಅದು ಹುಲ್ಲು, ಬಿದಿರಿನ ಹಾಗೆ ಏಕದಳ. ಅದಕ್ಕೆ ವರ್ಷದ ಉಂಗುರವೂ ಇಲ್ಲ, ಗಂಟೂ ಇಲ್ಲ. ತೊಗಟೆ ಕಡೆ ಕಬ್ಬಿಣದಷ್ಟು ಗಟ್ಟಿ, ನಡುವೆ ಮೆತ್ತಗೆ. ಹೊರಭಾಗದ ಸಾಂದ್ರತೆ ಘನಮೀಟರಿಗೆ 600 ಕಿಲೋ ದಾಟಿದರೆ, ತಿರುಳಿನದ್ದು 400ಕ್ಕಿಂತ ಕಡಿಮೆ. ಹಾಗಾಗಿ ಒಂದೇ ತೊಲೆ ಒಂದು ಕಡೆ ಪ್ರೈಮರ್ ಬೇಡ ಅನ್ನುತ್ತೆ, ಇನ್ನೊಂದು ಕಡೆ ಕುಡಿದುಬಿಡುತ್ತೆ. ಮೆತ್ತಗಿನ ಕಡೆ ಎರಡು ಕೋಟ್ ಪ್ರೈಮರ್ ಬೇಕು. ಉಜ್ಜುವಾಗ ನಾರಿನ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದರೆ ನಾರು ಸೂಜಿಯ ಹಾಗೆ ಎದ್ದು ಬೆರಳಿಗೆ ಚುಚ್ಚುತ್ತೆ. ಮೊದಲು ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಒತ್ತಿ ಗೆದ್ದಲು ತಿಂದಿದೆಯಾ ನೋಡಿ. ಅಟ್ಟದ ಕಪ್ಪು ತೊಲೆಗಳನ್ನ ಮಾತ್ರ ನಾವು ಮಸಿ ಒರೆಸಿ ಹಾಗೇ ಬಿಟ್ಟೆವು. ಅವಕ್ಕೆ ಬಣ್ಣದ ಅಗತ್ಯ ಇರಲಿಲ್ಲ.

ಹಲಸಿನ ಬಾಗಿಲಿಗೆ ಹಳೇ ಇನಾಮೆಲ್, ಪದರದ ಮೇಲೆ ಪದರ. ಇಲ್ಲಿ ದಯವಿಟ್ಟು ಗಮನ ಕೊಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಇನಾಮೆಲ್‌ನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಇರಬಹುದು ಅಂತಲೇ ತಿಳಿದು ಕೆಲಸ ಮಾಡಬೇಕು. ಸೀಸದ ದೂಳು ಚಿಕ್ಕ ಮಕ್ಕಳ ಮಿದುಳಿಗೆ ವಿಷ. ಒಣ ಎಮರಿ ಬೇಡ, ಗ್ರೈಂಡರ್ ಬೇಡ, ಬ್ಲೋಲ್ಯಾಂಪ್‌ನಿಂದ ಸುಡೋದಂತೂ ಬೇಡವೇ ಬೇಡ. ವಾಟರ್ ಪೇಪರ್ ತಂದು, ನೀರು ಹಾಕುತ್ತಾ, 220 ನಂಬರಿನಲ್ಲಿ ಹೊಳಪು ಹೋಗೋವರೆಗೂ ಉಜ್ಜಿದರೆ ಸಾಕು. ಹೊಸ ಬಣ್ಣಕ್ಕೆ ಹಿಡಿಯೋಕೆ ಸಣ್ಣ ಗೀರು ಬೇಕು, ಅಷ್ಟೇ. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದ ಕೆಸರನ್ನ ಅದರಲ್ಲೇ ಸುತ್ತಿ ತೆಗೀಬೇಕು, ತೆಂಗಿನ ಬುಡಕ್ಕೆ ಸುರಿಯಬಾರದು. ಮಕ್ಕಳು, ಬಸುರಿಯರು ಆ ದಿನ ಹತ್ತಿರ ಬೇಡ.

ಹೊಸ್ತಿಲಿಗೂ ಬಣ್ಣ ಹೊಡೆಯೋಣ ಅಂತ ಹೊರಟೆವು. ವರ್ಷಾನುಗಟ್ಟಲೆ ಎಣ್ಣೆ, ಅರಿಶಿನ ಹಚ್ಚಿದ ಮರ ಅದು, ಏನು ಹೊಡೆದರೂ ನಿಲ್ಲೋದು ಕಷ್ಟ. ಅಜ್ಜಿ ನಮಗೆ ಆ ಕಷ್ಟ ಕೊಡಲಿಲ್ಲ. "ಹೊಸ್ಲಿಗೆ ಅರಿಶಿನ ಸಾಕು, ನಿಮ್ಮ ಪೇಂಟು ಬ್ಯಾಡ" ಅಂದುಬಿಟ್ಟರು.

ಕಬ್ಬಿಣ, ತಗಡು, ಸಿಮೆಂಟ್ ಶೀಟು

ಕಿಟಕಿ ಸರಳಿನ ತುಕ್ಕಿಗೆ ತಂತಿ ಬ್ರಷ್, ಆಮೇಲೆ 80 ನಂಬರ್ ಎಮರಿ, ಆಮೇಲೆ ಟರ್ಪೆಂಟೈನ್ ಬಟ್ಟೆ. ಗಟ್ಟಿ ಲೋಹ ಕಂಡ ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಬೇಕು. ನಾಳೆ ನೋಡೋಣ ಅಂದರೆ ರಾತ್ರಿಯ ಇಬ್ಬನಿಗೆ ಮತ್ತೆ ತುಕ್ಕು ಶುರುವಾಗಿರುತ್ತೆ. ಸರಳು ಚೌಕಟ್ಟಿಗೆ ಸೇರೋ ಸಂದಿಯಲ್ಲೇ ತುಕ್ಕು ಹೆಚ್ಚು, ಅಲ್ಲಿ ಹಳೇ ಟೂತ್‌ಬ್ರಷ್ ಉಪಯೋಗಕ್ಕೆ ಬರುತ್ತೆ.

ಹೊಸ ಜಿಂಕ್ ತಗಡಿನ ಮೇಲೆ ನೇರವಾಗಿ ಆಯಿಲ್ ಪೇಂಟ್ ಹೊಡೆದರೆ ಅಲ್ಲೂ ಸಾಬೂನಿನ ಕಥೆಯೇ. ಸತು ಎಣ್ಣೆಯ ಆಮ್ಲದ ಜೊತೆ ಸೇರಿ ಸತುವಿನ ಸಾಬೂನಾಗಿ, ಬಣ್ಣ ಹಾಳೆ ಹಾಳೆಯಾಗಿ ಏಳುತ್ತೆ. ಜಿಡ್ಡು ತೊಳೆದು, ತಗಡಿಗೆ ಅಂತಲೇ ಸಿಗೋ ಎಚ್ ಪ್ರೈಮರ್ ಹಾಕಿದ ಮೇಲಷ್ಟೇ ಬಣ್ಣ.

ಕೊಟ್ಟಿಗೆ ಮೇಲೆ ಹಳೇ ಸಿಮೆಂಟ್ ಶೀಟಿತ್ತು. ಅದರಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತೆ. ಕೆರೆದರೆ, ಉಜ್ಜಿದರೆ, ತೂತು ಕೊರೆದರೆ ಆ ನಾರು ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಇಳಿಯುತ್ತೆ. ಅದನ್ನ ನಾವು ಮುಟ್ಟಲೇ ಇಲ್ಲ. ನೀವೂ ಮುಟ್ಟಬೇಡಿ.

ಲೆಕ್ಕ

ಆ ಮನೆಯಲ್ಲಿ ನಾವು ಒಂಬತ್ತು ದಿನ ಕೆಲಸ ಮಾಡಿದೆವು. ಅದರಲ್ಲಿ ಬಣ್ಣ ಬಳಿದದ್ದು ಎರಡೂವರೆ ದಿನ. ಉಳಿದದ್ದೆಲ್ಲ ಕೆರೆಯೋದು, ತೊಳೆಯೋದು, ಉಜ್ಜೋದು, ಒಣಗಲಿ ಅಂತ ಸುಮ್ಮನೆ ಕೂರೋದು. ಪಡಸಾಲೆಗೂ ಹೊಸ ರೂಮಿಗೂ ಪುಟ್ಟಿ, ಪೇಂಟ್ ಬೇಡವಾದ್ದರಿಂದ ಕೊಬ್ಬರಿಯ ದುಡ್ಡಿನಲ್ಲಿ ಸ್ವಲ್ಪ ಉಳೀತು. ಅಜ್ಜಿ ಅದನ್ನ ಬಚ್ಚಲ ಮೋರಿಗೆ ಕೊಟ್ಟರು. ಮದುವೆ ದಿನ ತಿಳಿ ಹಸಿರು ಸುಣ್ಣದ ರೂಮಿನಲ್ಲೇ ಹೆಣ್ಣಿಗೆ ಅಲಂಕಾರ ಮಾಡಿದರು. ಗೋಡೆಗೆ ಒರಗಿದವರ ಬೆನ್ನಿಗೆ ಒಂಚೂರು ಸುಣ್ಣ ಅಂಟಿತು, ಸುಳ್ಳು ಹೇಳಲ್ಲ. ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದೆವು. ನಡುಮನೆಯಲ್ಲಿ ಒಂದು ಚಕ್ಕೆಯೂ ಎದ್ದಿಲ್ಲ.

ಇನ್ನು ಉಳಿದಿರೋದು ಆ ಶಾಲೆ. ಎರಡೂ ಕೊಠಡಿಯ ಗೋಡೆಯನ್ನ ಗಟ್ಟಿ ಗಾರೆ ಕಾಣೋವರೆಗೂ ಕೆರೆದು ಮತ್ತೆ ಶುರು ಮಾಡಬೇಕು. ದಸರಾ ರಜೆಯಲ್ಲಿ ಮಕ್ಕಳು ಇರಲ್ಲ, ಆಗಲೇ ಮಾಡೋದು ಅಂತ ಮುಖ್ಯ ಶಿಕ್ಷಕಿಯವರ ಹತ್ತಿರ ಮಾತಾಡಿದ್ದೀವಿ. ಬರೋರು ಸಂಘದ ರೂಮಿನಲ್ಲಿ ಹೆಸರು ಬರೆಸಿ. ಮಾಸ್ಕ್, ಪಟ್ಟಿ, ಹಳೇ ಬಟ್ಟೆ ತನ್ನಿ. ಮೊದಲ ಮೂರು ದಿನ ಬ್ರಷ್ ತರಬೇಡಿ, ಅದರ ಕೆಲಸ ಇರಲ್ಲ.